ಮಿಲ್ಲು ನಿಂತರೆ ಕಂಬ ಹತ್ತುವುದು

ಹೋದ ವಾರ ಮನೆಯ ವೈರಿಂಗ್ ಸರಿಮಾಡಲು ಬಂದವನು ತನ್ನ ರಬ್ಬರ್ ಕೈಗವಸುಗಳನ್ನು ಊಟದ ಮೇಜಿನ ಮೇಲಿಟ್ಟು ಟೀ ಕುಡಿಯುತ್ತಿದ್ದ. ಬೆವರಿಗೆಂದು ಒಳಗೆ ಪೌಡರ್ ಉದುರಿಸಿಕೊಂಡಿದ್ದನೇನೋ. ಬಿಸಿ ರಬ್ಬರು, ಅದರ ಜೊತೆ ಕಂದನ ಮೈಗೆ ಹಚ್ಚುವ ಪೌಡರಿನ ವಾಸನೆ... ನಾನು ಎದ್ದು ಅಡುಗೆಮನೆಗೆ ಹೋದೆ.

ಎಪ್ಪತ್ತರ ದಶಕದ ಕೊನೆಯ ಮಾತು. ತಾಳವಾಡಿಗೆ ಎರಡು ಮೈಲಿ ದೂರದ ನಮ್ಮೂರಿನಲ್ಲಿ, ನಮ್ಮ ಎದುರು ಸಾಲಿನ ಒಂದು ಕೋಣೆಯಲ್ಲಿ ಅವರಿದ್ದರು. ನಾನು ಕರೆಯುತ್ತಿದ್ದುದು ಅಪ್ರೆಂಟಿಸ್ ಅಣ್ಣ ಎಂದು. ವರ್ಷದಲ್ಲಿ ಕೆಲವು ತಿಂಗಳು ಕೊಯಮತ್ತೂರಿನ ಕಾಲೇಜು, ಉಳಿದ ತಿಂಗಳು ನಮ್ಮ ಬೆಟ್ಟದ ಕಂಬ, ತಂತಿ. ದುಡಿಯುತ್ತಲೇ ಓದಿ ಎಂಜಿನಿಯರ್ ಆಗುವ ದಾರಿ ಅದು. ಮಾಡಿದ ಪ್ರತಿ ಕೆಲಸವನ್ನೂ ನೀಲಿ ರಟ್ಟಿನ ಪುಸ್ತಕದಲ್ಲಿ ಬರೆದು ಕರೆಂಟ್ ಆಫೀಸಿನಲ್ಲಿ ಸಹಿ ಹಾಕಿಸಬೇಕು. ಆ ಪುಸ್ತಕ ತುಂಬದಿದ್ದರೆ ಕೊನೆಯ ಪರೀಕ್ಷೆ ಇಲ್ಲ. ಅವರ ಅಪ್ಪ ಗೆಟ್ಟವಾಡಿಯ ಕಡೆ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದವರು. ಆ ಮನೆಯಲ್ಲಿ ಸಹಿ ಹಾಕಲು ಬರುತ್ತಿದ್ದುದು ಇವರೊಬ್ಬರಿಗೇ.

ನಾನು ಆಗತಾನೇ ಕಾನ್ವೆಂಟ್ ಮುಗಿಸಿ ಹಾಸ್ಟೆಲಿನಿಂದ ಮನೆಗೆ ಬಂದಿದ್ದೆ. ಅವರ ಪುಸ್ತಕಗಳೆಲ್ಲ ಇಂಗ್ಲಿಷಿನಲ್ಲಿ. ಅರ್ಥವಾಗದ ಸಾಲಿನ ಕೆಳಗೆ ಪೆನ್ಸಿಲ್ ಗೆರೆ ಎಳೆದುಕೊಂಡು ಬಂದು ನಮ್ಮ ಜಗಲಿಯ ಕೆಳಗೆ ನಿಂತು ಪುಸ್ತಕ ಚಾಚುತ್ತಿದ್ದರು. ಎಷ್ಟು ಮಳೆಯಿದ್ದರೂ ಜಗಲಿ ಹತ್ತಿದವರಲ್ಲ. ಹತ್ತಿ ಎಂದು ನಮ್ಮ ಮನೆಯವರು ಯಾರೂ ಹೇಳಿದವರಲ್ಲ. ಆಗ ಅದು ನನ್ನ ಕಣ್ಣಿಗೆ ಬಿದ್ದಿತ್ತು, ಮನಸ್ಸಿಗೆ ಬಿದ್ದಿರಲಿಲ್ಲ.

ಒಂದು ದಿನ ಗೆರೆ ಎಳೆದ ಸಾಲು ಓದಿ ಅರ್ಥ ಹೇಳಿದೆ. 'ಸತ್ತಿದೆ ಎಂದು ನೀನೇ ಪರೀಕ್ಷಿಸುವ ತನಕ ಪ್ರತಿ ತಂತಿಗೂ ಜೀವವಿದೆ ಎಂದೇ ತಿಳಿ.' ಅವರು ನಕ್ಕರು.

"ಬುಕ್ಕಲ್ಲಿ ಅಂಗೇ ಬರ್ದಿರ್ತರೆ ಕಣವ್ವ. ನಮ್ಗೆ ಮಿಲ್ಲೇ ಮೀಟ್ರು."

ಅದು ನಮ್ಮೂರಿನ ವಾಡಿಕೆ. ಕರೆಂಟ್ ಕಡಿಯುವ ಸ್ವಿಚ್ಚು ಇದ್ದುದು ತಾಳವಾಡಿಯ ಹತ್ತಿರ. ಲೈನ್‌ಮನ್ ಸೈಕಲ್ಲಿನಲ್ಲಿ ಹೋಗಿ ಅದನ್ನು ಇಳಿಸಿ, ಇಳಿಸಿದ್ದೇನೆ ಎಂಬ ಚೀಟಿಯನ್ನು ಕಂಬದ ಹತ್ತಿರ ತಂದು ಕೊಡಬೇಕು. ಅದು ಕಾಯಿದೆ. ಆದರೆ ಕರೆಂಟ್ ಹೋದ ಕೂಡಲೇ ನಮ್ಮ ಹಿತ್ತಿಲ ಆಚೆಯ ಹಿಟ್ಟಿನ ಮಿಲ್ಲು ನಿಲ್ಲುತ್ತಿತ್ತಲ್ಲ, ಚೀಟಿ ಯಾಕೆ? ಮಿಲ್ಲು ನಿಂತರೆ ಕಂಬ ಹತ್ತುವುದು. ಬೀದಿಯ ಕೊನೆಯ ಕಂಬದ ಹತ್ತಿರ ಗಾಳಿಗೆ ಮಿಲ್ಲಿನ ಸದ್ದು ಕೇಳುತ್ತಿರಲಿಲ್ಲ. ಅದಕ್ಕೇ ಲೈನ್‌ಮನ್ ಸೈಕಲ್ ಹತ್ತುವಾಗ ನನಗೆ ಹೇಳಿ ಹೋಗುತ್ತಿದ್ದ:

"ಅವ್ವಾ, ಮಿಲ್ಲು ನಿಂತೇಟ್ಗೆ ಒಂದು ಕೂಗು ಹಾಕ್ಬುಡವ್ವ." ಮತ್ತೆ ಅಪ್ರೆಂಟಿಸ್ ಅಣ್ಣನ ಕಡೆ ತಿರುಗಿ, "ಲೋ ಇಂಜಿನೇರು, ಪುಸ್ತ್ಕವ ಕಂಬದ ಮ್ಯಾಕೆ ತಕಂಡೋಗ್ಬ್ಯಾಡ ಕಣ್ಲಾ, ಕಾಗೆ ಓದ್ಕಂಡು ನಿನ್ಗಿಂತ ಮುಂಚೆ ಪಾಸಾಗ್ಬುಟ್ಟದು!"

ಅಪ್ರೆಂಟಿಸ್ ಅಣ್ಣನೂ ಬಿಡುತ್ತಿರಲಿಲ್ಲ. "ಪಾಸಾದ್ರೆ ಆಗ್ಲಿ ಬುಡಣ್ಣ, ನಿನ್ ಕೈಕೆಳ್ಗೆ ಅದೂ ಒಸಿ ದಿನ ಗೇಯ್ಲಿ."

ಆ ಬೇಸಿಗೆಯಲ್ಲಿ ಆ ಕಂಬದ ತಂತಿಗೆ ಒಂದು ಬಾವಲಿ ಸಿಕ್ಕಿ ಕರಕಲಾಗಿ ನೇತಾಡುತ್ತಿತ್ತು. ರೆಕ್ಕೆ ಬಿಚ್ಚಿಕೊಂಡೇ ಒಣಗಿತ್ತು. ಬೆಳಿಗ್ಗೆ ಬಾಗಿಲಿಗೆ ನೀರು ಹಾಕುವಾಗೆಲ್ಲ ನೋಡುತ್ತಿದ್ದೆ. ಅವರೂ ಬೆವರಿಗೆಂದು ರಬ್ಬರ್ ಗವಸಿನೊಳಗೆ ಕಂದನ ಪೌಡರ್ ಉದುರಿಸಿಕೊಳ್ಳುತ್ತಿದ್ದರು. ಬಲಗೈ ಗವಸಿನ ಹೆಬ್ಬೆರಳು ಹರಿದು, ಅದಕ್ಕೆ ಸೈಕಲ್ ಟ್ಯೂಬಿನ ತೇಪೆ ಹಾಕಿದ್ದರು. ಅದನ್ನೂ ನೋಡುತ್ತಿದ್ದೆ. ಬೇರೆಯದು ಕೇಳಿ ಅಣ್ಣ, ಎಂದದ್ದಕ್ಕೆ, "ಬರ್ತದೆ, ಬರ್ತದೆ. ನೀಲಿ ಪುಸ್ತ್ಕದಲ್ಲಿ ಇನ್ನೆಂಟು ಹಾಳೆ, ಅಷ್ಟೇ ಕಣವ್ವ" ಎಂದರು.

ಅವತ್ತು ಬೆಳಿಗ್ಗೆ ಲೈನ್‌ಮನ್ ಸೈಕಲ್ ಹತ್ತಿ ಹೋಗಿ ಬಹಳ ಹೊತ್ತಾಗಿರಲಿಲ್ಲ. ನಾನು ಜಗಲಿಯಲ್ಲಿ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದೆ. ಮಿಲ್ಲು ನಿಂತಿತು. ಇಷ್ಟು ಬೇಗ ತಲುಪಿದನೇ ಎಂದು ಒಂದು ಕ್ಷಣ ಅನಿಸಿತು... ಅನಿಸಿದ್ದು ನಿಜ. ಆದರೂ ಎದ್ದು ಕೂಗಿದೆ.

"ಅಣ್ಣಾ, ನಿಂತ್ಕತು!"

ಅವರು ಕೈಯೆತ್ತಿ ತೋರಿಸಿ ಹತ್ತಿದರು.

ನಿಂತದ್ದು ಕರೆಂಟಲ್ಲ. ಮಿಲ್ಲಿನ ಬೆಲ್ಟು ಕಿತ್ತುಹೋಗಿತ್ತು.

ಆಸ್ಪತ್ರೆಯಿಂದ ಅವರು ಬರುವಾಗ ಎರಡು ತಿಂಗಳಾಗಿತ್ತು. ಬಲಗೈ ಮೊಣಕೈವರೆಗೆ ಹೋಗಿತ್ತು. ವಿಚಾರಣೆಗೆ ಬೆಟ್ಟದ ಕೆಳಗಿನ ತಮಿಳು ಸೀಮೆಯಿಂದ ಒಬ್ಬ ಅಧಿಕಾರಿ ಬಂದರು. ಕಂಬಕ್ಕೆ ಹತ್ತಿರದ ಮನೆ ಎಂದು ನಮ್ಮ ಜಗಲಿಯಲ್ಲೇ ಕುರ್ಚಿ ಹಾಕಿದರು. ಚೀಟಿಯಿಲ್ಲದೆ ಹತ್ತುವುದು ಆಫೀಸಿನವರದೇ ವಾಡಿಕೆ ಎಂದು ಸಾಬೀತಾದರೆ ಕೂತು ಮಾಡುವ ಕೆಲಸ ಕೊಟ್ಟು ಉಳಿದ ಹಾಳೆಗಳಿಗೆ ಸಹಿ ಹಾಕುತ್ತಾರೆ. ತಾನಾಗಿ ಹತ್ತಿದ ಎಂದಾದರೆ ಹೆಸರು ಹೊಡೆದುಹಾಕುತ್ತಾರೆ. ಇದು ಬೀದಿಗೆಲ್ಲ ಗೊತ್ತಿತ್ತು.

ಲೈನ್‌ಮನ್ ತಲೆ ಬಗ್ಗಿಸಿ ಹೇಳಿದ, "ಚೀಟಿ ಇಲ್ದೆ ನಮ್ಮಲ್ಲಿ ಯಾರೂ ಕಂಬ ಅತ್ತಲ್ಲ ಸಾರ್." ಅವನಿಗೂ ಮಕ್ಕಳಿದ್ದವು.

ನಾನು ಬಾಗಿಲ ಹಿಂದೆ ನಿಂತಿದ್ದೆ. ಅಪ್ಪ ಚಿಲಕದ ಮೇಲೆ ಕೈಯಿಟ್ಟು ಮೆಲ್ಲಗೆ ಅಂದರು, "ಮದ್ವೆ ಆಗೋ ಎಣ್ಣು ನೀನು. ಆಫೀಸರ್ ಮುಂದೆ ಬಂದು ನಿಂತ್ಕಬ್ಯಾಡ."

ಮಿಲ್ಲು ನಿಂತಿತೆಂದು ಯಾರಾದರೂ ಕೂಗಿದರೇ, ಹಾಗೆ ಕೂಗುವ ರೂಢಿ ಇತ್ತೇ ಎಂದು ಅಧಿಕಾರಿ ತಮಿಳಿನಲ್ಲಿ ಕೇಳಿದರು. ಜಗಲಿಯ ಕೆಳಗೆ ಬಿಸಿಲಿನಲ್ಲಿ ನಿಂತಿದ್ದ ಅಪ್ರೆಂಟಿಸ್ ಅಣ್ಣ ನಮ್ಮ ಬಾಗಿಲಿನ ಕಡೆ ನೋಡಿದರು. ಸಂದಿಯಲ್ಲಿ ನನ್ನ ಲಂಗದ ಅಂಚು ಕಂಡಿರಬೇಕು. ಅವರು ಕಾದರು... ಎಷ್ಟು ಹೊತ್ತೋ. ಮಡಿಸಿ ಪಿನ್ನು ಹಾಕಿದ್ದ ತೋಳಿನ ಮೇಲೆ ಒಂದು ನೊಣ ಕೂತಿತ್ತು. ಓಡಿಸಲು ಅವರು ಬಲಗೈಯನ್ನೇ ಎತ್ತಲು ಹೋಗಿ ನಿಲ್ಲಿಸಿದರು.

"ಯಾರೂ ಕೂಗ್ನಿಲ್ಲ ಸಾರ್. ನಾನಾಗೇ ಅತ್ಬುಟ್ಟೆ."

ಅಲ್ಲಿಗೆ ಮುಗಿಯಿತು. ಆ ವಾರವೇ ಕೋಣೆ ಖಾಲಿ ಮಾಡಿ ಹೋದರು. ನನ್ನ ಮದುವೆಯೂ ಆಯಿತು.

ಕಳೆದ ತಿಂಗಳು ತಾಳವಾಡಿಯಲ್ಲಿ ಚಾಮರಾಜನಗರದ ಬಸ್ಸಿಗೆ ಕಾಯುತ್ತಿದ್ದಾಗ ಒಬ್ಬ ಮುದುಕಿ ಬಂದು, "ನೀವು ಆ ಕಾನ್ವೆಂಟವ್ವ ಅಲ್ವಾ?" ಎಂದು ಗುರುತು ಹಿಡಿದರು. ಅಪ್ರೆಂಟಿಸ್ ಅಣ್ಣನ ಅಕ್ಕ. ಆಗೆಲ್ಲ ತಮ್ಮನಿಗೆ ಬುತ್ತಿ ತರುತ್ತಿದ್ದವರು. ತಮ್ಮ ಹೋಗಿ ಮೂರು ವರ್ಷವಾಯಿತಂತೆ. ಎಡಗೈಯಲ್ಲಿ ಬರೆಯುವುದು ಕಲಿತು ಊರಿನ ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತಿದ್ದರಂತೆ.

"ಅಷ್ಟು ಓದ್ದೋನು ಸುಮ್ಸುಮ್ಕೆ ಯಾಕವ್ವ ಕಂಬ ಅತ್ತಾನು? ಸಾಯಗಂಟ ಬಾಯಿ ಬುಡ್ನಿಲ್ಲ. ನಿಮ್ಮನೆ ಮುಂದೇ ಅಲ್ವಾ ಆದ್ದು, ನಿಮ್ಗೇನಾರ ಗೊತ್ತಾ?"

ಬಸ್ಸು ಬಂದಿತ್ತು. ಆದರೂ ಹೇಳುವಷ್ಟು ಹೊತ್ತಿತ್ತು.

"ನಾನಾಗ ಇನ್ನೂ ಚಿಕ್ಕವಳು" ಎಂದೆ. ಅವರು ನನ್ನ ಚೀಲವನ್ನು ಎತ್ತಿ ಬಸ್ಸಿನೊಳಗೆ ಇಟ್ಟುಕೊಟ್ಟರು.