ಬೀಸೂ ಕಲ್ಲಿನ ಎದುರಿನ ಜಾಗಾ

ನಿನ್ನೆ ಗಿರಣಿ ಮುಂದ ಹಾಯ್ದು ಬರುವಾಗ ಬಿಸಿ ಜ್ವಾಳದ ಹಿಟ್ಟಿನ ವಾಸನಿ ಮೂಗಿಗಿ ಬಡೀತು ನೋಡ್ರಿ, ಕಾಲು ಅಲ್ಲೇ ನಿಂತವು. ಅಕ್ಕಲಕೋಟದ ಶಾಂತತ್ತಿ ನೆನಪಾದಳು. ನಮ್ಮಪ್ಪನ ಅಕ್ಕ. ಗಿರಣಿ ಹಿಟ್ಟು ಸತ್ತ ಹಿಟ್ಟು ಅಂತ ಮುಟ್ಟತಿರಲಿಲ್ಲ.

ಆಕಿ ಮತ್ತ ಆಕಿ ನೆಗೆಣ್ಣಿ, ಮೈದುನನ ಹೆಂಡ್ತಿ ಕಾಶವ್ವ, ಎದುರಾಬದುರಾ ಕೂತು, ಒಂದೇ ಗೂಟ ಹಿಡದು ಬೀಸಾವರು. ಈಕಿ ಎಳದ್ರ ಆಕಿ ನೂಕಾಕಿ. ಬಾಯಿಲೆ ಜಗಳ, ಕೈಲೆ ಒಗತನ. ಕಾಶವ್ವ ತೀರಿಕೊಂಡ ಮ್ಯಾಲೂ ಅತ್ತಿ ಎದುರಿಗೊಂದು ಗೋಣಿ ತಟ್ಟು ಹಾಸಿ, ಗೂಟದ ಅರ್ಧ ಆಕಿಗಿ ಬಿಟ್ಟು ಬೀಸತಿದ್ದಳು. “ಕಾಶಿ ಎಳೀತಾಳ” ಅನ್ನಾಕಿ.

ಸೋಲಾಪುರದಾಗ ಕಾರಕೂನನಾಗಿದ್ದ ಆಕಿ ಮಗ ಬಾಳಣ್ಣಗ ಇದನ್ನ ತಡಕೊಳ್ಳಾಕ ಆಗಲಿಲ್ಲ. “ಅವ್ವಗ ಭ್ರಮಾ ಆಗ್ಯಾದ. ಕಲ್ಲ ಒಗದು ಆಕೀನ ಇಲ್ಲಿಗಿ ತರತೀನಿ. ನೀ ಸೈನ್ಸ್ ಓದಾಕಿ, ಒಂದ್ಸಲ ತಿಳಿಸಿ ನೋಡು” ಅಂದ. ತೊಂಬತ್ತರ ದಶಕದ ಮಾತು. ನಾನಾಗ ಬಿಎಸ್ಸಿ, ಚಲನೆಯ ಮೂರನೇ ನಿಯಮ ನಾನೇ ಕಂಡುಹಿಡದಂಗ ಜಂಬ. ಅಕ್ಕಲಕೋಟಕ್ಕ ಎಸ್‌ಟಿ ಬಸ್ ಹತ್ತಿದೆ.

“ಅತ್ತಿ, ಅಲ್ಲಿ ಯಾರೂ ಇಲ್ಲ. ನೀ ಗೂಟ ಎಷ್ಟು ಎಳೀತೀದಿ, ಗೂಟ ನಿನ್ನ ಅಷ್ಟೇ ಎಳೀತದ. ಅದು ನಿಯಮ.”

ಅತ್ತಿ ಮಾರಿ ಅರಳಿತು. “ಹೌದಲಾ! ಕಾಶಿ ಎಂದೂ ಹೆಚ್ಚು ಎಳದಾಕಿ ಅಲ್ಲ, ಕಡಿಮಿ ಎಳದಾಕಿ ಅಲ್ಲ. ಪುಸ್ತಕದಾಗೂ ಬರದಾರೇನ ಆಕೀದು?”

ನಾ ಮತ್ತ ಮೊದಲಿಂದ ಹೇಳಾಕ ಹತ್ತಿದೆ.

“ಬಾ, ನನ್ನ ಜಾಗಾದಾಗ ಕೂಡು” ಅಂತ ಎದ್ದು ದೂರ ನಿಂತಳು. ನಡು ಮಧ್ಯಾಹ್ನ, ಪಡಸಾಲಿ ತುಂಬ ಬಿಸಲು. ಎದುರಿಗಿ ಖಾಲಿ ತಟ್ಟು. ಗೂಟಕ್ಕ ಕೈ ಹಚ್ಚಿದೆ. ನಾ ಎಳದ್ರ ಅದು ಎಳೀಬೇಕು, ಒಪ್ಪಿದೆ. ಆದ್ರ ನಾ ಇನ್ನೂ ಎಳದೇ ಇರಲಿಲ್ಲ. ಕಲ್ಲು ಗರ್ರಂತ ಅರ್ಧ ಸುತ್ತು ಹೋತು, ನನ್ನ ರಟ್ಟಿ ಅದರ ಹಿಂದ ಹೋತು.

“ಹೊಸ ಕೈ ಅಲ್ಲಾ, ನೋಡತಾಳ” ಅಂದಳು ಅತ್ತಿ, ಚಾ ಇಡೂ ಮಾತು ಆಡಿದಂಗ.

ಗೂಟ ಬಿಟ್ಟು ಎದ್ದೆ. ಸೋಲಾಪುರಕ್ಕ ಬಂದು ಬಾಳಣ್ಣಗ, “ಅತ್ತಿ ಶಾಣ್ಯಾಕಿ ಅದಾಳ. ಆಕೀನೂ ಎಬ್ಬಿಸಬ್ಯಾಡ, ಕಲ್ಲೂ ಎಬ್ಬಿಸಬ್ಯಾಡ” ಅಂದೆ. ಯಾಕ ಅಂತ ಹೇಳಲಿಲ್ಲ. ಅತ್ತಿ ಕಡೀತನಕ ಅಲ್ಲೇ ಬೀಸಕೋತ ಇದ್ದಳು.

ಆಕಿ ಹೋದ ಮ್ಯಾಲ ಕಲ್ಲು ನನ್ನ ಮನಿಗಿ ಬಂತು. ಸಾಲ್ಯಾಗ ಹುಡುಗ್ಯಾರಿಗಿ ಅದೇ ನಿಯಮ ಕಲಸ್ತೀನಿ, ಮನ್ಯಾಗ ಮಾತ್ರ ಆ ಕಲ್ಲ ಮುಟ್ಟಿರಲಿಲ್ಲ, ಅಂಜಿಕಿ. ನಿನ್ನೆ ಗಿರಣಿಯಿಂದ ಬಂದಾಕಿ ತಡೀಲಾರದ ಕೂತೆ. ಒಂದು ಹಿಡಿ ಜ್ವಾಳ ಹಾಕಿ, ಸಣ್ಣಗ ಎಳದೆ.

ಎದುರಿನಿಂದ ತಿರುಗಿ ಎಳದದ್ದು ಇಬ್ಬರ ಕಸುವು.