ಪುಕ್ಕಟೆ ಸಾಫ್ಟ್‌ವೇರಿನಲ್ಲಿ ಹೆಣ್ಣು ತೋರಿಸಿದ್ದು

ಮೊಬೈಲಿನಲ್ಲಿ ಇನ್ನೂ ವಿಡಿಯೊ ಓಡದ ಕಾಲ. ನಾನು ಎಂ.ಎಸ್ಸಿ. ಮುಗಿಸಿ ತಿಪಟೂರಿನ ಮನೆಗೆ ಮರಳಿದ್ದೆ. ತುರುವೇಕೆರೆ ಕಡೆಯ ಗಂಡಿನ ಮನೆಯವರು, ಹೆಣ್ಣು ನೋಡಲು ಬರುವ ಮುಂಚೆ ಒಂದು ಸೀಡಿ ಕಳಿಸಿ ಎಂದು ಹೇಳಿಕಳಿಸಿದರು. ಹುಡುಗಿ ನಡೆಯಬೇಕು, ಕೂರಬೇಕು, ಒಂದು ಹಾಡು ಹೇಳಬೇಕು. ಹಿಡಿಸಿದರೆ ಬರುತ್ತಾರೆ. ತಿಂಡಿ ತಿಂದು ಬೇಡವೆನ್ನುವ ಮುಜುಗರ ಯಾರಿಗೂ ಆಗಬಾರದು ಎಂಬ ದೊಡ್ಡ ಮನಸ್ಸು ಅವರದು.

ಅಮ್ಮನ ತಮ್ಮ, ನನ್ನ ಸೋದರಮಾವನಿಗೆ ಈ ಏರ್ಪಾಡು ಬಹಳ ಹಿಡಿಸಿತು. ಅವರು ಕೊಬ್ಬರಿ ವ್ಯಾಪಾರಿ. ಅಟ್ಟದಿಂದ ಇಳಿಸಿದ ಕಾಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಒಣಗಿದ ಗಿಟುಕು ಚಿಪ್ಪು ಬಿಟ್ಟಿದೆಯೋ ಇಲ್ಲವೋ ಎಂದು ಒಡೆಯದೆಯೇ ಹೇಳಬಲ್ಲವರು. ಹುಡುಗಿಯನ್ನೂ ಹಾಗೆ ಪರೀಕ್ಷಿಸುವ ಯಂತ್ರ ಬಂದಿದೆ ಎಂದರೆ ಸಂತೋಷವಾಗದೆ ಇದ್ದೀತೇ?

ಮರುದಿನವೇ ನನ್ನನ್ನೂ ಅಮ್ಮನನ್ನೂ ಪೇಟೆಯ ಒಂದು ವಿಡಿಯೊ ಸ್ಟುಡಿಯೊಗೆ ಕರೆದೊಯ್ದರು. ಅದರ ಮಾಲೀಕ ತನ್ನ ಕೈಚಳಕ ತೋರಿಸಲು ಒಂದು ಫೈಲು ತೆರೆದ. ಪರದೆಯ ಮೇಲೆ ಗುಲಾಬಿ ಅರಳಿತು. ಅದರೊಳಗಿಂದ ಒಬ್ಬ ಹುಡುಗಿಯ ಮುಖ ಮೇಲೆದ್ದು ಬಂತು. ಹಿನ್ನೆಲೆಯಲ್ಲಿ ಹಿಮದ ಬೆಟ್ಟ. ಹುಡುಗಿ ಉಟ್ಟಿದ್ದು ತೆಳು ರೇಷ್ಮೆ ಸೀರೆ, ಚಳಿಯಾದಂತೆ ಕಾಣಲಿಲ್ಲ.

"ಬಿಳಿಗೆರೆ ಕಡೆ ಹುಡುಗಿ ಕಣ್ರೀ. ನೋಡಿ, ಹೆಂಗೆ ಬಂದೈತೆ!"

"ಮದ್ವೆ ಆಯ್ತಾ?" ಅಮ್ಮ ಕೇಳಿದಳು.

"ಆ ಸಂಬಂಧ ಕೂಡಿಬರ್ಲಿಲ್ಲ. ಆದ್ರೆ ಈ ಸ್ಯಾಂಪಲ್ ನೋಡಿ ನಾಕು ಜನ ಆರ್ಡರ್ ಕೊಟ್ಟವ್ರೆ."

ಬೆಂಚಿನ ಮೇಲೆ ಪಾಸ್‌ಪೋರ್ಟ್ ಫೋಟೊಗಾಗಿ ಕಾದಿದ್ದ ಇಬ್ಬರು ಗಂಡಸರೂ ಕತ್ತು ಉದ್ದ ಮಾಡಿ ನೋಡುತ್ತಿದ್ದರು. ಆ ಹುಡುಗಿ ಅವರಿಗೂ ಹಾಡಿದಳು. ಮದುವೆ ಆಗಲಿ ಬಿಡಲಿ, ನನ್ನ ಚಿತ್ರ ಈ ಕಂಪ್ಯೂಟರಿನೊಳಗೆ ಹೋಗಬಾರದು ಎಂದು ಅಲ್ಲೇ ತೀರ್ಮಾನಿಸಿದೆ.

"ನಾನೇ ಮನೇಲಿ ಮಾಡ್ತೀನಿ ಮಾವ," ಎಂದೆ ಹೊರಗೆ ಬಂದ ಮೇಲೆ. "ನನ್ನ ಕಂಪ್ಯೂಟರಿದೆ. ಪುಕ್ಕಟೆ ಸಾಫ್ಟ್‌ವೇರ್ ಸಿಗುತ್ತೆ."

ಮಾವ ರಸ್ತೆಯ ಮಧ್ಯೆ ನಿಂತುಬಿಟ್ಟರು. "ಪುಕ್ಕಟೇದಾ? ಮದ್ವೆ ವಿಷ್ಯ ಕಣೇ ಇದು! ಅವನತ್ರ ಇರೋದು ಲಕ್ಷ ರೂಪಾಯಿ ಸಾಫ್ಟ್‌ವೇರು."

"ಲಕ್ಷ ಕೊಟ್ಟು ತಗೊಂಡಿದ್ದಾನಾ?"

"ತಗಳೋದ್ಯಾಕೆ? ಯಾರತ್ರಾನೋ ಕಾಪಿ ಹೊಡ್ಕೊಂಡವ್ನೆ. ಆದ್ರೂ ಲಕ್ಷದ್ದೇ ತಾನೆ?"

ಕದ್ದದ್ದಕ್ಕೆ ಬೆಲೆಯಿದೆ, ಕೊಟ್ಟದ್ದಕ್ಕೆ ಇಲ್ಲ. ಈ ತರ್ಕಕ್ಕೆ ಎದುರು ಹೇಳುವಷ್ಟು ನಾನು ಓದಿರಲಿಲ್ಲ. ಕೊನೆಗೆ ಅಮ್ಮ, "ಬುಡು, ಒಂದ್ಸಲ ಮಾಡ್ಲಿ," ಎಂದದ್ದರಿಂದ ನನಗೆ ಒಂದು ವಾರ ಸಿಕ್ಕಿತು.

ಆಗ ಕಂಪ್ಯೂಟರ್ ಪತ್ರಿಕೆಗಳ ಜೊತೆ ಉಚಿತ ಸಾಫ್ಟ್‌ವೇರುಗಳ ಸೀಡಿ ಬರುತ್ತಿತ್ತು. ಗಂಡಿನ ಕಡೆಯವರು ಜಾತಕ ನೋಡುವಷ್ಟೇ ಶ್ರದ್ಧೆಯಿಂದ ನಾನು ಅವನ್ನು ನೋಡಿದೆ. ಎಡಿಟಿಂಗಿಗೆಂದು ಹಾಕಿದ ಮೊದಲನೆಯದು ಉಚಿತವೆಂದು ಹೇಳಿಕೊಂಡಿತ್ತು. ಕೆಲಸ ಮುಗಿದ ಮೇಲೆ ಚಿತ್ರದ ಅಡ್ಡಕ್ಕೆ ತನ್ನ ಹೆಸರನ್ನು ದಪ್ಪಕ್ಷರದಲ್ಲಿ ಬರೆಯುತ್ತಿತ್ತು. ಎರಡನೆಯದು ಹದಿನೈದು ದಿನ ಮಾತ್ರ ಜೊತೆಗಿರುವುದಾಗಿ ಮೊದಲೇ ತಿಳಿಸಿತು; ಪ್ರಾಮಾಣಿಕತೆ ಮೆಚ್ಚಿ ತೆಗೆದುಹಾಕಿದೆ. ಮೂರನೆಯದು ನೋಡಲು ಸಪ್ಪೆ. ಗುಲಾಬಿಯಿಲ್ಲ, ಹಂಸವಿಲ್ಲ, ಹಿಮವಿಲ್ಲ. ಕತ್ತರಿಸು ಎಂದಲ್ಲಿ ಕತ್ತರಿಸುತ್ತಿತ್ತು, ಅಂಟಿಸು ಎಂದಲ್ಲಿ ಅಂಟಿಸುತ್ತಿತ್ತು. ಅದನ್ನೇ ಇಟ್ಟುಕೊಂಡೆ. ವಿಡಿಯೊ ಓಡಿಸಿ ನೋಡುವುದಕ್ಕೆ, ರಸ್ತೆ ರಿಪೇರಿಯ ಕೇಸರಿ ಶಂಕುವಿನ ಗುರುತಿದ್ದ ಪ್ಲೇಯರ್; ಏನು ಕೊಟ್ಟರೂ ಮುಖ ಸಿಂಡರಿಸದೆ ತೋರಿಸುತ್ತಿತ್ತು. ಫೈಲುಗಳನ್ನು ಜೋಡಿಸಿಡುವುದಕ್ಕೆ ಇನ್ನೊಂದು. ಅದು ಪ್ರತಿ ಫೈಲಿಗೂ ಕಲಾವಿದರು ಯಾರು, ಯಾವ ಪ್ರಕಾರದ್ದು ಎಂದು ಕೇಳುತ್ತಿತ್ತು. ಪ್ರಕಾರದ ಮುಂದೆ "ಸಂತೆ" ಎಂದು ಬರೆದೆ.

ಭಾನುವಾರ ಬೆಳಿಗ್ಗೆ ಮಾವ ಸ್ನೇಹಿತರೊಬ್ಬರ ಕ್ಯಾಮೆರಾ ಎರವಲು ತಂದು ತಾವೇ ಹಿಡಿದುಕೊಂಡರು.

"ನಗು ಕಣೇ. ಅಷ್ಟಲ್ಲ! ಹ್ಞಾ, ಸಾಕು. ಅತ್ತಾಗೆ ತಿರುಗು, ಜಡೆ ಕಾಣ್ಲಿ. ಈಗ ನಡ್ಕೊಂಡ್ ಬಾ. ಕಾಲೇಜಿಗೆ ಹೋಗೋ ಥರ ಅಲ್ಲ."

"ಮತ್ತೆ ಹೆಂಗೆ?"

"ಕಾಫಿ ತರೋ ಥರ."

"ಕಾಫಿ ಎಲ್ಲಿ?"

"ಐತೆ ಅಂದ್ಕೊ!"

ಇಲ್ಲದ ಕಾಫಿಯನ್ನು ಚೆಲ್ಲದಂತೆ ಮೂರು ಸಲ ತಂದೆ. ಆಮೇಲೆ ಹಾಡಿದೆ.

ಕಂಪ್ಯೂಟರಿನಲ್ಲಿ ಧ್ವನಿಯನ್ನು ತೆರೆದು ನೋಡಿದರೆ, ನನ್ನ ಹಾಡು ತೆಳ್ಳನೆಯ ಗೆರೆ. ನಡುನಡುವೆ ಮಾವನ ಅಪ್ಪಣೆಗಳು ಬೆಟ್ಟದ ಸಾಲು. ಆ ಬೆಟ್ಟಗಳನ್ನು ತೆಗೆಯುವುದೇ ನನ್ನ ಕೆಲಸ. ತೆಗೆದೆ. ಉಳಿದದ್ದನ್ನು ನೋಡಿದಾಗ ಮೈ ಉರಿಯಿತು. ಯಾರೂ ಹೇಳದೆ ಒಬ್ಬಳು ತಿರುಗುತ್ತಾಳೆ, ಜಡೆ ತೋರಿಸುತ್ತಾಳೆ, ಬರಿಗೈ ಚಾಚಿಕೊಂಡು ಮೆಲ್ಲಗೆ ಬರುತ್ತಾಳೆ. ಎಲ್ಲವನ್ನೂ ಅವಳೇ ಆಸೆಪಟ್ಟು ಮಾಡಿದ ಹಾಗಿತ್ತು.

ಬೆಟ್ಟಗಳನ್ನು ವಾಪಸ್ಸು ಇಟ್ಟು, ನನ್ನನ್ನು ಕತ್ತರಿಸಿದೆ.

ಎರಡು ದಿನದ ಮೇಲೆ ಮಾವನನ್ನೂ ಅಮ್ಮನನ್ನೂ ಕೂರಿಸಿ ತೋರಿಸಿದೆ. ನಾಲ್ಕು ನಿಮಿಷ. ಖಾಲಿ ಕುರ್ಚಿ, ಬಾಗಿಲ ಪರದೆ, ಕೆಂಪು ಗಾರೆಯ ನೆಲ. ಅದರ ಮೇಲೆ ಮಾವನ ಧ್ವನಿ: ನಗು, ತಿರುಗು, ಜಡೆ ಕಾಣ್ಲಿ, ಐತೆ ಅಂದ್ಕೊ.

ಮಾವ ತಲೆ ತಗ್ಗಿಸಿ, ಕಣ್ಣು ಮುಚ್ಚಿ ಕೇಳಿದರು. ನಾಚಿಕೆಯಾಯಿತೇನೋ ಎಂದುಕೊಂಡೆ.

"ಅಕ್ಕಾ," ಎಂದರು ಕೊನೆಗೆ, "ನನ್ ಗಂಟ್ಲು ರೇಡಿಯೊದವರ ಥರ ಇಲ್ವಾ?"

"ಹುಡುಗಿ ಎಲ್ಲೋ ಇದ್ರಾಗೆ?" ಎಂದಳು ಅಮ್ಮ.

"ಹೌದಲ್ಲಾ! ಹುಡುಗೀನೇ ಇಲ್ವಲ್ಲೇ?"

"ಪುಕ್ಕಟೇದ್ರಲ್ಲಿ ಇಷ್ಟೇ ಮಾವ ಬರೋದು," ಎಂದೆ. ಇಷ್ಟು ನಿಯತ್ತಾಗಿ ದುಡಿದ ಸಾಫ್ಟ್‌ವೇರಿನ ಹೆಸರು ಕೆಡಿಸಿದ್ದಕ್ಕೆ ಇಂದಿಗೂ ನನಗೆ ಸಂಕೋಚವಿದೆ.

"ಅವತ್ತೇ ಬಡ್ಕೊಂಡೆ! ಆ ಕ್ಯಾಮೆರಾ ಕಾರ್ಡು ಕೊಡಿಲ್ಲಿ. ಸ್ಟುಡಿಯೊದವನಿಗೆ ಕೊಟ್ಟು ಬತ್ತೀನಿ. ಸಂಜೆಯೊಳಗೆ ಮಾಡ್ಕೊಡ್ತಾನೆ." ಮಾವ ಅಂಗಿ ಹಾಕಿಕೊಳ್ಳಲು ಒಳಗೆ ಹೋದರು.

ಕ್ಯಾಮೆರಾದ ಕಾರ್ಡು ಕಂಪ್ಯೂಟರಿಗೆ ಚುಚ್ಚಿಯೇ ಇತ್ತು. ನಾನಿದ್ದ ಫೈಲುಗಳನ್ನೆಲ್ಲ, ಕಾರ್ಡಿನಲ್ಲಿದ್ದವನ್ನೂ ಸೇರಿಸಿ, ಆರಿಸಿ ಅಳಿಸು ಎಂದೆ. ಖಂಡಿತವೇ ಎಂದು ಕಂಪ್ಯೂಟರ್ ಕೇಳಿತು. ಈ ಸಂಬಂಧದ ಮಾತು ಶುರುವಾದ ಮೇಲೆ ನನ್ನ ಒಪ್ಪಿಗೆ ಕೇಳಿದ್ದು ಅದೊಂದೇ. ಹೌದು ಎಂದೆ.

"ಹೋಯ್ತು ಮಾವ," ಎಂದೆ ಅವರು ಗುಂಡಿ ಹಾಕಿಕೊಳ್ಳುತ್ತ ಬಂದಾಗ. "ಎಲ್ಲ ಅಳಿಸಿಹೋಗಿದೆ."

ಅವರು ಪುಕ್ಕಟೆ ಸಾಫ್ಟ್‌ವೇರನ್ನೂ, ಅದನ್ನು ಮಾಡಿದವರನ್ನೂ, ಹಂಚಿದ ಪತ್ರಿಕೆಯನ್ನೂ ಬೈದರು. ಕ್ಯಾಮೆರಾ ಆವತ್ತೇ ವಾಪಸ್ಸು ಕೊಡಬೇಕಿತ್ತು. ಸ್ಟುಡಿಯೊದಲ್ಲಿ ಹೊಸದಾಗಿ ತೆಗೆಸೋಣವೆಂದರೆ ಒಂದು ವಾರದ ಗಡುವೂ ಮುಗಿದಿತ್ತು. ಗಂಡಿನ ಮನೆಗೆ ಫೋನು ಮಾಡಿ, ಸೀಡಿ ಕೆಟ್ಟುಹೋಯ್ತು, ನೋಡೋದಾದ್ರೆ ನೀವೇ ಬಂದುಬುಡಿ ಎಂದು ಹೇಳಿಬರಲು ದಡದಡನೆ ಹೊರಟರು.

ಅಮ್ಮ ಅವರ ಚಪ್ಪಲಿಯ ಸದ್ದು ದೂರವಾಗುವ ತನಕ ಕಾದಳು.

"ಕಾರ್ಡಿನಾಗೂ ಇಲ್ವಾ?"

"ಇಲ್ಲ."

"ಸದ್ಯ," ಎಂದಳು.