ಟೈಪಿಂಗ್ ಅಮ್ಮನ ಗಿಳಿ

ಮೆಟ್ಟಿಲ ಕೆಳಗಿನ ಆ ಪುಟ್ಟ ಅಂಗಡಿಯಲ್ಲಿ ಊರವರ ಅರ್ಜಿ, ಕರಾರುಪತ್ರ ಟೈಪ್ ಮಾಡುತ್ತಲೇ ಅವಳ ಕೂದಲು ನರೆತಿತ್ತು. ಬೀದಿಗೆಲ್ಲ ಅವಳು ಟೈಪಿಂಗ್ ಅಮ್ಮ. ಸುಮ್ಮನೆ ಕೂತು ಉಣ್ಣು ಎಂದರೆ ಅವಳಿಗೆ ತುತ್ತು ಇಳಿಯುವುದಿಲ್ಲ. ಅಂಗಡಿಯಲ್ಲಿದ್ದದ್ದು ಒಂದೇ ಕಂಪ್ಯೂಟರು: ಬೆಳಿಗ್ಗೆ ಅತ್ತೆಯಾದ ಅವಳಿಗೆ, ಮಧ್ಯಾಹ್ನ ಸೊಸೆಗೆ.

ಅದಕ್ಕೆ ಲಿನಕ್ಸ್ ಎಂಬ ತಂತ್ರಾಂಶ ಹಾಕಿದವಳು ಸೊಸೆ. ಪಾಸ್‌ವರ್ಡ್ ಕೊಡುವಾಗಲೇ ಯಾವ ಡೆಸ್ಕ್‌ಟಾಪ್ ಬೇಕೆಂದು, ಅಂದರೆ ಪರದೆ ಯಾವ ರೂಪದಲ್ಲಿ ಬರಬೇಕೆಂದು, ಆರಿಸಬಹುದಿತ್ತು. ಫೈಲುಗಳು ಅವೇ, ಮುಖ ಮಾತ್ರ ಬೇರೆ. ಅತ್ತೆಯದರಲ್ಲಿ ಗಿಳಿಯ ಚಿತ್ರ, ಅದರ ಮೈತುಂಬ ಐಕಾನುಗಳು. ಕೊಕ್ಕೊಂದು ಹೇಗೋ ಬಚಾವಾಗಿತ್ತು. ಸೊಸೆಯದು ಬರೀ ಕಪ್ಪು. ಕೀ ಒತ್ತಿದರೆ ಪರದೆಯ ಮೇಲೆ ಕಿಟಕಿ ತೆರೆದು ತಾನೇ ಜಾಗ ಹೊಂದಿಸಿಕೊಳ್ಳುತ್ತದೆ, ಮೌಸಿಗೆ ಕೆಲಸವೇ ಇಲ್ಲ.

"ಇದೇನಮ್ಮ, ಪಾತ್ರೆನೇ ಇಲ್ಲದ ಅಡುಗೆಮನೆ?" ಎಂದು ಅತ್ತೆ ಕೊಂಕು ನುಡಿದಿದ್ದಳು.

"ನಿಮ್ಮದರಲ್ಲಿ ಸೌಟು ಹುಡುಕೋದ್ರೊಳಗೆ ಸಾರು ಆರಿಹೋಗುತ್ತೆ, ಅತ್ತೆ." ಸೊಸೆಯೂ ಬಾಯಿಗೆ ಬೀಗ ಹಾಕಿಕೊಂಡವಳಲ್ಲ.

ಹೀಗಿರುವಾಗ ಅತ್ತೆಯ ಬಲಗೈ ಮಣಿಕಟ್ಟು ಮುಷ್ಕರ ಹೂಡಿತು. "ಟೈಪ್ ಮಾಡಿ, ಪರವಾಗಿಲ್ಲ. ಮೌಸು ಬಿಡಿ, ಇಲ್ಲಾಂದ್ರೆ ಕೆಲಸ ಬಿಡಿ," ಎಂದರು ಡಾಕ್ಟರು. ಕೆಲಸ ಬಿಡುವುದಂತೂ ಅವಳಿಗೆ ಆಗದ ಮಾತು. ಮೌಸು ಬೇಡದ ಡೆಸ್ಕ್‌ಟಾಪ್ ಕಣ್ಣೆದುರೇ ಇತ್ತು, ನಿಜ. ಆದರೆ ಅಷ್ಟೆಲ್ಲ ಹೀಗಳೆದ ಮೇಲೆ ಯಾವ ಮುಖ ಹೊತ್ತು ಕೇಳುವುದು? ಎಡಗೈಗೆ ಮೌಸು ಕೊಟ್ಟು ನೋಡಿದಳು. ಪರದೆಯ ಮೇಲಿನ ಬಾಣ ಗಿಳಿಯ ಸುತ್ತ ಗಿರಕಿ ಹೊಡೆಯಿತೇ ಹೊರತು ಐಕಾನಿನ ಮೇಲೆ ಕೂರಲಿಲ್ಲ.

ಮರುದಿನ ಅಂಗಡಿಯ ಬಾಗಿಲು ಅರ್ಧ ಮುಚ್ಚಿ, ಕದ್ದು ಸೊಸೆಯ ಡೆಸ್ಕ್‌ಟಾಪ್ ಆರಿಸಿದಳು. ಓರೆಗಣ್ಣಲ್ಲಿ ನೋಡಿಟ್ಟುಕೊಂಡಿದ್ದ ಕೀ ಒತ್ತಿದಳು. ಕಿಟಕಿ ಬಂತು. ಮುಚ್ಚೋಣವೆಂದು ಅದನ್ನೇ ಮತ್ತೆ ಒತ್ತಿದರೆ ಇನ್ನೊಂದು ಬಂತು. ಮೊದಲಿನದು ಒತ್ತರಿಸಿಕೊಂಡು ಜಾಗ ಬಿಟ್ಟಿತು. ಗಾಬರಿಯಲ್ಲಿ ಒತ್ತಿದಷ್ಟೂ ಕಿಟಕಿಗಳು ಹುಟ್ಟಿ, ಪರದೆಯ ತುಂಬ ಅಂಚೆಚೀಟಿಯಷ್ಟಷ್ಟೇ ಚೂರುಗಳಾದವು. ಅಷ್ಟರಲ್ಲಿ ಬಾಗಿಲು ಸರಿಯಿತು. ಸೊಸೆ!

ಅತ್ತೆ ಕಣ್ಣು ಮುಚ್ಚಿ ಕುಟುಕುಮಾತಿಗೆ ಕಾದಳು. ಸೊಸೆ ಪರದೆ ನೋಡಿದಳು, ಊದಿದ ಮಣಿಕಟ್ಟು ನೋಡಿದಳು. ಒಂದೊಂದೇ ಕಿಟಕಿ ಮುಚ್ಚಿ, "ಊಟಕ್ಕೆ ಏಳಿ," ಎಂದಳು, ಅಷ್ಟೇ.

ಸೊಸೆ ಕುಟುಕದೆ ಬಿಟ್ಟದ್ದಕ್ಕೇ ಅತ್ತೆಗೆ ಇಡೀ ದಿನ ನಾಚಿಕೆಯಾಯಿತು.

ಮಾರನೆಯ ಬೆಳಿಗ್ಗೆ ಬಂದು ನೋಡಿದರೆ ಮೇಜಿನ ಮೇಲೆ ಮೌಸಿಲ್ಲ. ತೆರೆದಿದ್ದದ್ದು ಸೊಸೆಯ ಡೆಸ್ಕ್‌ಟಾಪೇ, ಆದರೆ ಕಪ್ಪು ಹೋಗಿತ್ತು. ಅಲ್ಲಿ ಗಿಳಿ ಕೂತಿತ್ತು. ಮೇಲೊಂದೂ ಐಕಾನಿಲ್ಲದೆ, ಕೊಕ್ಕಿನಿಂದ ಬಾಲದ ತುದಿಯವರೆಗೆ.

ಅತ್ತೆ ಪರದೆಯ ಹತ್ತಿರಕ್ಕೆ ಬಗ್ಗಿದಳು. ಸೊಸೆ ಹಿಂದೆಯೇ ಬಂದು ನಿಂತಿದ್ದಳು.

"ಈ ಗಿಳಿಗೆ ಬಾಲ ಇಷ್ಟುದ್ದ ಇತ್ತಾ?"

"ಮೊದಲಿಂದಲೂ ಇತ್ತು, ಅತ್ತೆ. ಈಗ ಹೇಳಿ, ಕಿಟಕಿ ಮುಚ್ಚೋ ಕೀ ಯಾವುದು?"

"ನೀನೇ ಹೇಳಿಕೊಡಮ್ಮ," ಎಂದು ಅತ್ತೆ ಕುರ್ಚಿಯನ್ನು ಪಕ್ಕಕ್ಕೆ ಸರಿಸಿ ಜಾಗ ಬಿಟ್ಟಳು.